ಏಕೀಕರಣವು ಹೆಜಮಾಡಿಗೆ ಬಂದಿತೇ?

ಶಾಂಭವಿ ನದಿಯು ಕಡಲನ್ನು ಕೂಡುವ ಎಡೆಯಲ್ಲಿ, ಉಡುಪಿ ಜಿಲ್ಲೆಯ ತೆಂಕಣ ಅಂಚಿನಲ್ಲಿ, ಹೆಜಮಾಡಿಯೆಂಬ ಗ್ರಾಮವಿರುವುದು. ನದಿಯ ಆಚೆಯ ದಡದಲ್ಲಿ ಮೂಲ್ಕಿ. ಈಚೆಯ ದಡದಲ್ಲಿ ಕೋಡಿಯ ಮರಳು, ತೆಂಗಿನ ತೋಟ, ಮೀನುಗಾರರ ಮನೆಗಳು. ಮಂಗಳೂರಿನಿಂದ ಉಡುಪಿಗೆ ಹೋಗತಕ್ಕ ಪ್ರತಿಯೊಬ್ಬ ಪ್ರಯಾಣಿಕನೂ ಈ ಊರಿನ ಹೆಸರನ್ನು ಬಲ್ಲನು. ಹೆದ್ದಾರಿಯ ಸುಂಕದ ಕಟ್ಟೆಯು ಇಲ್ಲಿರುವುದೇ ಅದಕ್ಕೆ ಕಾರಣ. ಈ ಒಂದು ಗ್ರಾಮವನ್ನು ಮುಂದಿಟ್ಟುಕೊಂಡು ನಾವು ನಮ್ಮ ವಾಚಕರನ್ನು ಒಂದು ಪ್ರಶ್ನೆ ಕೇಳಬಯಸುತ್ತೇವೆ: ಕನ್ನಡ ನಾಡು ಒಂದಾದುದರಿಂದ ಹೆಜಮಾಡಿಯ ಪಂಚಾಯತಿಗೆ ತನ್ನ ನೆಲದಲ್ಲಿ ನಡೆಯುವ ಕಾಮಗಾರಿಗಳ ಮೇಲೆ, ತನ್ನ ಕಚೇರಿಯಲ್ಲಿ ದುಡಿಯುವ ನೌಕರರ ಮೇಲೆ, ಯಾವ ಅಧಿಕಾರ ಬಂದಿತು?

ಪ್ರಶ್ನೆಯು ಬಲು ಚಿಕ್ಕದೆಂದು ನಗುವವರು ಇರಬಹುದು. ನಾಡಿನ ಮಾತನ್ನಾಡುವಲ್ಲಿ ಚರಂಡಿಯ ಮಾತೇಕೆ, ಜವಾನನ ಸಂಬಳದ ಮಾತೇಕೆ ಎಂದು ಕೇಳಬಹುದು. ಅಂಥವರು ಏಕೀಕರಣದ ಚಳವಳಿಯು ಯಾವುದಕ್ಕಾಗಿ ಹುಟ್ಟಿತೆಂಬುದನ್ನು ಒಮ್ಮೆ ನೆನೆಯಲಿ. 1920ರ ನಾಗಪುರ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ಒಪ್ಪಿ ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತಿಕ ಸಮಿತಿಯನ್ನು ಕೊಟ್ಟಾಗ, ನಮ್ಮ ಹಿರಿಯರು ಮುಂದಿಟ್ಟ ವಾದವೇನು? ಜನರಿಗೆ ತಿಳಿಯದ ಭಾಷೆಯಲ್ಲಿ, ಜನರು ಕಾಣದ ಊರಿನಲ್ಲಿ ಕುಳಿತು ನಡೆಸುವ ಆಡಳಿತವು ಎಷ್ಟೇ ದಕ್ಷವಾಗಿದ್ದರೂ ಅದು ಪರಾಧೀನತೆಯೇ ಸರಿ ಎಂಬುದಲ್ಲವೇ? ಅಂದು ದಕ್ಷಿಣ ಕನ್ನಡದ ಕಾಗದಪತ್ರಗಳು ಮದ್ರಾಸಿಗೆ ಹೋಗಿ ಬರಬೇಕಾಗಿತ್ತು. ಆ ದಾರಿಯನ್ನು ಮೊಟಕುಗೊಳಿಸಬೇಕೆಂದು ಆಲೂರು ವೆಂಕಟರಾಯರಂಥವರು ಬಾಳನ್ನೇ ಸವೆಸಿದರು. ಶಾಂಭವಿಯ ಆಚೆಯ ಕಾರ್ನಾಡಿನ ಹೆಸರನ್ನು ನಾಡಿಗೆಲ್ಲ ತಿಳಿಸಿದ ಸದಾಶಿವರಾಯರು ತಮ್ಮ ಐಶ್ವರ್ಯವನ್ನೆಲ್ಲ ರಾಷ್ಟ್ರಕಾರ್ಯಕ್ಕೆ ಧಾರೆಯೆರೆದು 1937ರಲ್ಲಿ ಬಡವರಾಗಿಯೇ ತೀರಿಕೊಂಡರು. ಮದ್ರಾಸಿಗೆ ಹೋಗುತ್ತಿದ್ದ ಕಾಗದವು ಬೆಂಗಳೂರಿಗೆ ಹೋಗಲೆಂಬುದಷ್ಟೇ ಈ ಮಹನೀಯರ ಅಭಿಲಾಷೆಯಾಗಿತ್ತೆಂದು ನಾವು ನಂಬಲಾರೆವು.

1956ರ ನವೆಂಬರ 1ರಂದು ನಾಡು ಕೂಡಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ತಕ್ಕ ಹೆಸರೂ ಬಂದಿತು. 1997ರಲ್ಲಿ ಉಡುಪಿಯು ಪ್ರತ್ಯೇಕ ಜಿಲ್ಲೆಯಾಯಿತು. ಅನಂತರ ಕಾಪು ತಾಲೂಕವೂ ಆಯಿತು. ಕಚೇರಿಯು ಹೀಗೆ ಹತ್ತಿರ ಹತ್ತಿರಕ್ಕೆ ಬಂದಿತು. ಅಧಿಕಾರವೂ ಅದರ ಜತೆಯಲ್ಲಿ ಬಂದಿತೇ ಎಂಬುದನ್ನು ಈಗ ನೋಡೋಣ.

ಮೊದಲನೆಯದು ಹೆದ್ದಾರಿ. ಹೆಜಮಾಡಿಯ ಸುಂಕದ ಕಟ್ಟೆಯು ಗ್ರಾಮಸ್ಥರ ನೆಲದ ಮೇಲೆ ನಿಂತಿದೆ. ದೀಪದ ಕೆಳಗಿನ ಕತ್ತಲೆಯಂತೆ ಅದರ ಬುಡದಲ್ಲಿ ಗ್ರಾಮವಿದೆ. ಒಕ್ಕೂಟದ ಸ್ವತ್ತಿಗೆ ಸ್ಥಾನಿಕ ಸಂಸ್ಥೆಗಳು ಕರ ಹಾಕಕೂಡದೆಂದು ಸಂವಿಧಾನದ 285ನೆಯ ವಿಧಿಯು ಹೇಳುತ್ತದೆ. ಆದುದರಿಂದ ಹೆದ್ದಾರಿಯ ನೆಲಕ್ಕೆ ಪಂಚಾಯತಿಯು ಕರ ಹಾಕುವಂತಿಲ್ಲ. ಇನ್ನು ನಿಯಮದ ಮಾತು. ಒಂದೇ ಹೆದ್ದಾರಿಯ ಎರಡು ಕಟ್ಟೆಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ ಅಂತರವಿರಬೇಕೆಂದು 2008ರ ಕೇಂದ್ರ ನಿಯಮಾವಳಿಯೇ ವಿಧಿಸಿದೆ. ಆದರೂ ಹೆಜಮಾಡಿಯ ಕಟ್ಟೆಗೆ ಅದರ ಮೂರರಲ್ಲೊಂದು ಪಾಲು ದೂರವೂ ಇಲ್ಲದ ಸುರತ್ಕಲ್ಲಿನಲ್ಲಿ ಇನ್ನೊಂದು ಕಟ್ಟೆಯು ವರ್ಷಗಟ್ಟಲೆ ನಡೆಯಿತು. ಜನರ ಹೋರಾಟದ ಫಲವಾಗಿ 2022ರ ಡಿಸೆಂಬರ 1ರಿಂದ ಅಲ್ಲಿ ವಸೂಲಿ ನಿಂತಿತು. ಆದರೆ ನಿಲ್ಲಿಸಿದ ಆಜ್ಞೆಯ ಸ್ವರೂಪವನ್ನು ನೋಡಿರಿ! ಸುರತ್ಕಲ್ಲಿನ ಸುಂಕವನ್ನು ಹೆಜಮಾಡಿಯ ಕಟ್ಟೆಯಲ್ಲಿ ಸೇರಿಸಿ ತೆಗೆದುಕೊಳ್ಳತಕ್ಕದ್ದೆಂದು ಅದು ವಿಧಿಸಿತ್ತು. ಉಡುಪಿ ಜಿಲ್ಲೆಯ ಜನರು ಪ್ರತಿಭಟಿಸಿದುದರಿಂದ ಆ ಹೆಚ್ಚಿನ ವಸೂಲಿಯು ಆ ದಿನ ಆರಂಭವಾಗಲಿಲ್ಲ. ಒಂದು ಊರಿನ ಭಾರವನ್ನು ಇನ್ನೊಂದು ಊರಿನ ಹೆಗಲಿಗೆ ವರ್ಗಾಯಿಸುವ ಮೊದಲು ಆ ಊರಿನ ಪಂಚಾಯತಿಯ ಅಭಿಪ್ರಾಯವನ್ನು ಕೇಳತಕ್ಕದ್ದೆಂಬ ಕಟ್ಟಳೆ ಯಾವ ಕಾಯಿದೆಯಲ್ಲಿದೆ? ಬೀದಿಗಿಳಿಯುವುದೊಂದನ್ನು ಬಿಟ್ಟರೆ ಜನರಿಗೆ ಬೇರೆ ಉಪಾಯ ಉಳಿಯದಿರುವ ವ್ಯವಸ್ಥೆಯನ್ನು ಸ್ವರಾಜ್ಯವೆಂದು ಕರೆಯುವುದು ಹೇಗೆ?

ಎರಡನೆಯದು ಬಂದರು. ಹೆಜಮಾಡಿ ಕೋಡಿಯಲ್ಲಿ ಮೀನುಗಾರಿಕಾ ಬಂದರು ಆಗಬೇಕೆಂಬುದು ಕರಾವಳಿಯ ಬೆಸ್ತರ ಬಹುಕಾಲದ ಬೇಡಿಕೆ. 2021ರ ಜನವರಿಯಲ್ಲಿ ಅದಕ್ಕೆ ಮುಖ್ಯಮಂತ್ರಿಗಳೇ ಬಂದು ಶಂಕುಸ್ಥಾಪನೆ ಮಾಡಿದರು. ಬಂದರು ಆಗಲಿ, ಅದನ್ನು ನಾವು ಮನಃಪೂರ್ವಕ ಸ್ವಾಗತಿಸುತ್ತೇವೆ. ಆದರೆ ನದಿಯ ಬಾಯಿಯಲ್ಲಿ ಕಲ್ಲು ತುಂಬಿದಾಗ ಅಲೆಯು ಯಾವ ಕಡೆಗೆ ತಿರುಗುವುದು, ಯಾರ ತೋಟವನ್ನು ಕೊರೆಯುವುದು, ದೋಣಿಯೆಳೆಯುವ ದಾರಿಯು ಎಲ್ಲಿ ಉಳಿಯುವುದು, ದೊಡ್ಡ ಯಂತ್ರದೋಣಿಗಳ ನಡುವೆ ಕೈಬಲೆಯವನಿಗೆ ಎಷ್ಟು ಜಾಗ ದೊರಕುವುದು—ಇವನ್ನು ತಿಳಿದವರು ಆ ದಂಡೆಯಲ್ಲಿ ಹುಟ್ಟಿ ಬೆಳೆದವರೇ ಹೊರತು ನಕಾಶೆಯನ್ನು ಬರೆದವರಲ್ಲ. ಸಂವಿಧಾನದ 11ನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಎಣಿಸಿದೆ. ಅವುಗಳಲ್ಲಿ ಐದನೆಯದೇ ಮೀನುಗಾರಿಕೆ! ಪುಸ್ತಕದಲ್ಲಿ ವಿಷಯವು ಪಂಚಾಯತಿಯದು. ಕಡಲತಡಿಯಲ್ಲಿ ಅದು ಇಲಾಖೆಯದು. ಇಲಾಖೆಯ ಗುತ್ತಿಗೆದಾರನು ಕಲ್ಲು ಹೊರುವ ಲಾರಿಗಳಿಂದ ಗ್ರಾಮದ ಒಳರಸ್ತೆಯನ್ನು ಕೆಡಿಸಿದರೆ ಅದರ ದುರಸ್ತಿಯ ಕೂಗು ಮಾತ್ರ ಪಂಚಾಯತಿಯ ಬಾಗಿಲಿಗೆ ಬರುವುದು.

ಮೂರನೆಯದು ಪಂಚಾಯತಿಯ ಸ್ವಂತ ಮನೆ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಚುನಾಯಿತ ಸದಸ್ಯರಿಗೆ ತಮ್ಮ ನೌಕರರ ಮೇಲೆ ಇರುವ ಹತೋಟಿ ಎಷ್ಟು? ಕಾರ್ಯದರ್ಶಿಯು ಸರಕಾರದವನು. 2010ರಿಂದ ಬಂದ ಅಭಿವೃದ್ಧಿ ಅಧಿಕಾರಿಯೂ ಸರಕಾರದವನು. ಅವನ ನೇಮಕ, ವರ್ಗಾವಣೆ, ಬಡ್ತಿ ಯಾವುದೂ ಪಂಚಾಯತಿಯ ಕೈಯಲ್ಲಿಲ್ಲ. ಇನ್ನು ಕರ ವಸೂಲಿ ಮಾಡುವವನು, ನೀರು ಬಿಡುವವನು, ಕಸ ಗುಡಿಸುವವನು, ಜವಾನ: ಇವರನ್ನು ಪಂಚಾಯತಿಯೇ ನೇಮಿಸಬಹುದು; ಆದರೆ ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ಅನುಮೋದನೆ ಬೇಕು. ಆ ಅಧಿಕಾರಿಯು ಇರುವುದು ಮಣಿಪಾಲದ ರಜತಾದ್ರಿಯಲ್ಲಿ. ಅನುಮೋದನೆ ದೊರೆಯದೆ ವರ್ಷಗಟ್ಟಲೆ ದುಡಿಯುವ ಬಡ ನೌಕರರ ಕಥೆ ರಾಜ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಕೇಳಿಬರುವುದು. ನಸುಕಿನಲ್ಲಿ ಎದ್ದು ನೀರಿನ ಗೇಟುವಾಲ್ವು ತಿರುಗಿಸುವವನಿಗೆ ಯಜಮಾನರು ಯಾರು? ಅಧ್ಯಕ್ಷರನ್ನು ಕೇಳಿದರೆ ಅಧಿಕಾರಿಯನ್ನು ತೋರಿಸುವರು. ಅಧಿಕಾರಿಯನ್ನು ಕೇಳಿದರೆ ಜಿಲ್ಲೆಯನ್ನು ತೋರಿಸುವನು. ಜಿಲ್ಲೆಯನ್ನು ಕೇಳಿದರೆ ಸುತ್ತೋಲೆಯನ್ನು ತೋರಿಸುವುದು. ನೀರು ಬಾರದ ದಿನ ಮಾತ್ರ ಊರವರೆಲ್ಲ ಅವನೊಬ್ಬನನ್ನೇ ಕೇಳುವರು.

ಕಾಮಗಾರಿಗಳ ಸಂಗತಿಯೂ ಹೀಗೆಯೇ. ಉದ್ಯೋಗ ಖಾತರಿಯ 2005ರ ಕಾಯಿದೆಯು ವೆಚ್ಚದ ಲೆಕ್ಕದಲ್ಲಿ ಅರ್ಧಕ್ಕೆ ಕಡಿಮೆಯಾಗದ ಕೆಲಸಗಳನ್ನು ಗ್ರಾಮ ಪಂಚಾಯತಿಗಳ ಮೂಲಕವೇ ಮಾಡಿಸಬೇಕೆಂದು ವಿಧಿಸಿತ್ತು. ಅದು ಒಳ್ಳೆಯ ಮಾದರಿ. ಆದರೆ ರಸ್ತೆ, ಭವನ, ಕಾಲುಸಂಕ ಮೊದಲಾದ ಇತರ ಕೆಲಸಗಳಲ್ಲಿ ಎಷ್ಟೋ ಕೆಲಸಗಳು ಟೆಂಡರಿನ ಕಾಯಿದೆಯ 4(ಜಿ) ಪ್ರಕರಣದ ವಿನಾಯಿತಿಯನ್ನು ಹಿಡಿದು, ಟೆಂಡರೇ ಇಲ್ಲದೆ, ಹಿಂದೆ ಭೂಸೇನೆಯೆಂದು ಹೆಸರಾಗಿದ್ದ ಸರಕಾರಿ ನಿಗಮಕ್ಕೋ ನಿರ್ಮಿತಿ ಕೇಂದ್ರಕ್ಕೋ ಹೋಗುವುವು. ಅವುಗಳ ಅಂದಾಜುಪಟ್ಟಿಯು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಅಳತೆಯ ಪುಸ್ತಕವು ಇಂಜಿನಿಯರರ ಕಪಾಟಿನಲ್ಲಿ. ರಸ್ತೆಯ ದಪ್ಪವೆಷ್ಟು, ಅದಕ್ಕೆ ಬಿದ್ದ ಹಣವೆಷ್ಟು ಎಂಬುದು ಆ ರಸ್ತೆಯಲ್ಲಿ ನಡೆಯುವವನಿಗೆ ತಿಳಿಯದು. 1963ರಲ್ಲಿಯೇ ಕನ್ನಡವನ್ನು ಅಧಿಕೃತ ಭಾಷೆಯನ್ನಾಗಿ ಮಾಡಿದ ನಾಡಿನಲ್ಲಿ ಇದು ನಡೆಯುತ್ತಿರುವುದು!

ಈ ದುಃಸ್ಥಿತಿಯನ್ನು ಮೇಲಿನ ಹಂತದಲ್ಲಾದರೂ ಪ್ರತಿಭಟಿಸತಕ್ಕವರು ಯಾರು? ಜಿಲ್ಲಾ ಪಂಚಾಯತಿ, ತಾಲೂಕು ಪಂಚಾಯತಿಗಳ ಸದಸ್ಯರು. ಅವರು ಎಲ್ಲಿದ್ದರು? 2016ರ ಫೆಬ್ರವರಿಯಲ್ಲಿ ಚುನಾಯಿತವಾದ ಆ ಸಂಸ್ಥೆಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ನಡೆದುಹೋಗಬೇಕೆಂದು ಸಂವಿಧಾನದ 243-ಇ ವಿಧಿಯು ಆಜ್ಞಾಪಿಸುತ್ತದೆ. ಆ ವರ್ಷ ನಡೆಯಲಿಲ್ಲ, 2022ರಲ್ಲಿ ನಡೆಯಲಿಲ್ಲ, 2023ರಲ್ಲಿ ಸರಕಾರವನ್ನಾಳುವ ಪಕ್ಷವೇ ಬದಲಾಯಿತು, ಆಗಲೂ ನಡೆಯಲಿಲ್ಲ, 2024ರಲ್ಲಿಯೂ ನಡೆಯಲಿಲ್ಲ. ಕ್ಷೇತ್ರವಿಂಗಡಣೆಯೆಂದು ಒಮ್ಮೆ, ಮೀಸಲಾತಿಯೆಂದು ಒಮ್ಮೆ, ನ್ಯಾಯಾಲಯವೆಂದು ಒಮ್ಮೆ! ಪಕ್ಷಗಳು ನೂರು ವಿಷಯಗಳಲ್ಲಿ ಕಾದಾಡಿದರೂ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ಒಂದಾದುವು. 1992ರಲ್ಲಿಯೂ ಹೀಗೆಯೇ ಆಯಿತು. ನಜೀರ ಸಾಬರ ಪರಿಶ್ರಮದಿಂದ ಬಂದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಚುನಾಯಿತವಾದಾಗ, ಅವುಗಳ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ದರ್ಜೆಯಿತ್ತು. ಹಿರಿಯ ಅಧಿಕಾರಿಗಳು ಅವರ ಕೈಕೆಳಗಿದ್ದರು. ದೇಶವೇ ಕನ್ನಡ ನಾಡನ್ನು ಮೆಚ್ಚಿ ನೋಡಿತು. ಐದು ವರ್ಷ ತುಂಬಿದೊಡನೆ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. ಮರವನ್ನು ನೆಟ್ಟವರೂ ನಾವೇ, ಕಡಿದವರೂ ನಾವೇ.

ಇನ್ನು ತೆಂಕಣಕ್ಕೆ ದೃಷ್ಟಿ ಹಾಯಿಸೋಣ. ನಮ್ಮಿಂದ ಅಗಲಿಹೋದ ಕಾಸರಗೋಡಿನಲ್ಲಿ ಏನಾಗಿದೆ? ಚಂದ್ರಗಿರಿಯ ಉತ್ತರಭಾಗವು ಕನ್ನಡ ನಾಡಿಗೆ ಸೇರತಕ್ಕದ್ದೆಂದು 1967ರಲ್ಲಿ ಮಹಾಜನ ಆಯೋಗವು ಸ್ಪಷ್ಟವಾಗಿ ಹೇಳಿದರೂ ಅದು ಕೇರಳದಲ್ಲಿಯೇ ಉಳಿಯಿತು. ಅಲ್ಲಿಯ ಕನ್ನಡಿಗನು ಮಲೆಯಾಳದಲ್ಲಿ ಬರುವ ಅರ್ಜಿ, ಆಜ್ಞೆಗಳ ಮುಂದೆ ತನ್ನ ನೆಲದಲ್ಲಿಯೇ ಪರಕೀಯನಂತೆ ನಿಲ್ಲಬೇಕಾಗಿದೆ. ಆ ಅನ್ಯಾಯವನ್ನು ಈ ಪತ್ರಿಕೆಯು ಎಂದಿಗೂ ಮರೆಯದು. ಆದರೆ ಸತ್ಯವನ್ನು ಮುಚ್ಚಿಡಲಾಗದು. 1996ರಲ್ಲಿ ಕೇರಳವು ಜನಕೀಯ ಯೋಜನೆಯನ್ನು ಆರಂಭಿಸಿ, ರಾಜ್ಯದ ಯೋಜನಾ ಹಣದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಾನಿಕ ಸಂಸ್ಥೆಗಳ ಕೈಗೆ ಒಪ್ಪಿಸಲು ನಿರ್ಧರಿಸಿತು. ಮಂಜೇಶ್ವರ, ಪೈವಳಿಕೆ, ಎಣ್ಮಕಜೆಗಳ ಪಂಚಾಯತಿಗಳಿಗೆ ಆ ಪಾಲು ದೊರೆಯಿತು. ಅಲ್ಲಿ ಅಧಿಕಾರವು ಬಂದಿದೆ, ಭಾಷೆಯು ಹೋಗಿದೆ. ಇಲ್ಲಿ ಭಾಷೆಯಿದೆ, ಅಧಿಕಾರವು ಬಂದಿಲ್ಲ. ಕಾಸರಗೋಡು ನಮ್ಮದೆಂದು ಕೇಳುವ ನಾಲಗೆಗೆ ಬಲ ಬರಬೇಕಾದರೆ, ನಮ್ಮಲ್ಲಿಗೆ ಬಂದರೆ ನಿಮ್ಮ ಪಂಚಾಯತಿಯು ಈಗಿರುವುದಕ್ಕಿಂತ ಬಡವಾಗದೆಂದು ಆ ಸೋದರರಿಗೆ ಹೇಳಬಲ್ಲ ಸ್ಥಿತಿಯಲ್ಲಿ ನಾವಿರಬೇಡವೇ? ಏಕೀಕರಣಕ್ಕಾಗಿ ಜೀವಮಾನವೆಲ್ಲ ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕದ ಪಂಚಾಯತಿಗೆ ಹಲವು ವರ್ಷ ಅಧ್ಯಕ್ಷರಾಗಿದ್ದರು. ಗ್ರಾಮದ ರಸ್ತೆ, ಬಾವಿಗಳ ಲೆಕ್ಕವು ನಾಡಿನ ಹಾಡಿಗಿಂತ ಕೀಳೆಂದು ಅವರಿಗೆ ತೋರಲಿಲ್ಲ.

“ಪಂಚಾಯತಿಗಳ ಕೈಗೆ ಅಧಿಕಾರ ಕೊಟ್ಟರೆ ಬಂಧುಗಳಿಗೆ ನೌಕರಿ, ಮಿತ್ರರಿಗೆ ಗುತ್ತಿಗೆ” ಎಂದು ಆಕ್ಷೇಪಿಸುವವರುಂಟು. ಅಂತಹ ಪಂಚಾಯತಿಗಳಿಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಇಲಾಖೆಗಳಲ್ಲಿ ಈ ದೋಷವಿಲ್ಲವೇ? ಪಂಚಾಯತಿಯ ಕಳ್ಳತನವು ಊರಿನ ಕಣ್ಣೆದುರಿನಲ್ಲಿ ನಡೆಯುವುದು; ಐದು ವರ್ಷಕ್ಕೊಮ್ಮೆಯಾದರೂ ಅದಕ್ಕೆ ಶಿಕ್ಷೆಯುಂಟು. ಇಲಾಖೆಯದನ್ನು ಕಾಣುವವರೇ ಇಲ್ಲ. ಯೋಗ್ಯತೆಯ ಮಾತನ್ನೆತ್ತುವವರು ಉಡುಪಿಯ ಉದಾಹರಣೆಯನ್ನು ನೋಡಲಿ. 1968ರಲ್ಲಿ ಮೂವತ್ತು ವರ್ಷವೂ ತುಂಬದ ವೈದ್ಯ ವಿ. ಎಸ್. ಆಚಾರ್ಯರು ಆ ಪಟ್ಟಣದ ಪುರಸಭೆಯ ಅಧ್ಯಕ್ಷರಾದರು. ಮನುಷ್ಯನ ಮಲವನ್ನು ಮನುಷ್ಯನು ತಲೆಯ ಮೇಲೆ ಹೊರುವ ಹೇಯ ಪದ್ಧತಿಯನ್ನು ಅವರ ಪುರಸಭೆಯು ತೊಲಗಿಸಿತು. ಅದೇ ವಿಷಯದಲ್ಲಿ ದೇಶದ ಸಂಸತ್ತು ಕಾಯಿದೆ ಮಾಡಿದ್ದು 1993ರಲ್ಲಿ! ತನ್ನ ನೌಕರನನ್ನು ಮನುಷ್ಯನಂತೆ ಕಾಣಬೇಕೆಂಬ ಬುದ್ಧಿ ದಿಲ್ಲಿಗಿಂತ ಮೊದಲು ಉಡುಪಿಗೆ ಹೊಳೆದುದು, ಆ ನೌಕರನು ಉಡುಪಿಯ ಬೀದಿಯಲ್ಲಿ ಕಣ್ಣಿಗೆ ಬೀಳುತ್ತಿದ್ದುದರಿಂದ. ಮದ್ರಾಸಿನ ಕಾಲದಲ್ಲಿಯೂ 1920ರ ಕಾಯಿದೆಯ ಜಿಲ್ಲಾ ಬೋರ್ಡು ರಸ್ತೆ, ಶಾಲೆ, ಆಸ್ಪತ್ರೆಗಳನ್ನು ನಡೆಸುತ್ತಿತ್ತು. ಉಡುಪಿಯ ಬೋರ್ಡ್ ಹೈಸ್ಕೂಲೆಂಬ ಹೆಸರು ಅದರ ಕುರುಹು. ಪರರ ಆಳ್ವಿಕೆಯಲ್ಲಿ ಒಂದು ಸ್ಥಾನಿಕ ಸಂಸ್ಥೆಯು ಹೈಸ್ಕೂಲನ್ನು ನಡೆಸಬಲ್ಲುದಾದರೆ, ಸ್ವಂತ ನಾಡಿನಲ್ಲಿ ಒಬ್ಬ ನೀರುಗಂಟಿಯನ್ನು ನೇಮಿಸಿಕೊಳ್ಳಲಾರದೇ?

ಆದುದರಿಂದ ನಮ್ಮ ಬೇಡಿಕೆಗಳು ಇವು. ಮೊದಲನೆಯದಾಗಿ, ಯಾವ ಇಲಾಖೆಯ ಕಾಮಗಾರಿಯೇ ಆಗಲಿ, ಅದರ ನಕಾಶೆ ಮತ್ತು ಅಂದಾಜುಪಟ್ಟಿಯನ್ನು ಕನ್ನಡದಲ್ಲಿ ಬರೆದು ಗ್ರಾಮಸಭೆಯ ಮುಂದಿಟ್ಟ ಹೊರತು ಕೆಲಸ ಆರಂಭಿಸಕೂಡದು. ಪಂಚಾಯತಿಯು ಅಳತೆಯನ್ನು ನೋಡಿ ಒಪ್ಪಿದ ಹೊರತು ಕೊನೆಯ ಬಿಲ್ಲಿಗೆ ಹಣ ಕೊಡಕೂಡದು. ಎರಡನೆಯದಾಗಿ, ವಿದ್ಯಾರ್ಹತೆ, ಮೀಸಲಾತಿ, ಕನಿಷ್ಠ ವೇತನಗಳ ನಿಯಮಗಳನ್ನು ಸರಕಾರವು ಮಾಡಲಿ. ಆ ನಿಯಮಗಳೊಳಗೆ ನೇಮಕದ ಅಧಿಕಾರವು ಪಂಚಾಯತಿಗಿರಲಿ. ನೇಮಕಗೊಂಡವನಿಗೆ ತಿಂಗಳು ತಿಂಗಳು ಸಂಬಳ ಸಲ್ಲಿಸುವ ಹೊಣೆಯೂ ಅದರದೇ ಆಗಿರಲಿ. ಮೂರನೆಯದಾಗಿ, ಸುಂಕದ ಕಟ್ಟೆ, ಬಂದರುಗಳ ಆದಾಯದಲ್ಲಿ ಒಂದು ನಿಶ್ಚಿತ ಪಾಲು ಆ ಭಾರವನ್ನು ಹೊರುವ ಗ್ರಾಮಕ್ಕೆ ಸಲ್ಲಲಿ. ನಾಲ್ಕನೆಯದಾಗಿ, ಅವಧಿ ಮುಗಿಯುವ ದಿನಕ್ಕೆ ಮೊದಲೇ ಚುನಾವಣೆ ನಡೆಸದ ಸರಕಾರವು, ಅದು ಯಾವ ಪಕ್ಷದ್ದೇ ಇರಲಿ, ಮತ ಕೇಳಲು ಬಂದಾಗ ಜನರು ಅದಕ್ಕೆ ತಕ್ಕ ಉತ್ತರ ಕೊಡಲಿ.

ಕೊನೆಯದಾಗಿ ನಮ್ಮ ವಾಚಕರಿಗೆ, ವಿಶೇಷವಾಗಿ ಉಪಾಧ್ಯಾಯ ಮಹಾಶಯರಿಗೆ ಒಂದು ಮಾತು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಲೇಬೇಕೆಂದು ಕಾಯಿದೆಯಿದೆ. ಆ ದಿನ ನೀವೆಲ್ಲಿರುತ್ತೀರಿ? ರಾಜ್ಯೋತ್ಸವದ ದಿನ ಧ್ವಜದ ಕೆಳಗೆ ನಿಂತು ನಾಡನ್ನು ಹೊಗಳುವ ನೀವು, ಗ್ರಾಮಸಭೆಯ ದಿನ ಜಮಾಖರ್ಚಿನ ಪಟ್ಟಿಯನ್ನು ಕೈಗೆತ್ತಿಕೊಂಡು, ಓದಲಾರದ ನೆರೆಯವರಿಗೆ ಗಟ್ಟಿಯಾಗಿ ಓದಿ ಹೇಳಿರಿ. ತಿಳಿಯದಿದ್ದರೆ ಕೇಳಿರಿ; ಕೊಡದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಬರೆಯಿರಿ, ಕನ್ನಡದಲ್ಲಿಯೇ ಬರೆಯಿರಿ. ಹೆಜಮಾಡಿಯಲ್ಲಿ ಇದು ಮೊದಲಾಗಲಿ. ಶಾಂಭವಿಯನ್ನು ದಾಟಿ ಮೂಲ್ಕಿಗೆ, ನೇತ್ರಾವತಿಯನ್ನು ದಾಟಿ ಮಂಜೇಶ್ವರಕ್ಕೆ ಅದು ಹಬ್ಬಲಿ.