ಹಾಸಿಗೆಯ ಬದಿಯ ಆತ್ಮವಿಶ್ವಾಸ

ಬಳ್ಳಾರಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ೧೯೬೧ರಲ್ಲಿ. ಬಹುಕಾಲ ವಿಜಯನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೆಂದು ಹೆಸರಾಗಿದ್ದ ಅದು ಇಂದು ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ. ಸಿರುಗುಪ್ಪದ ಬತ್ತದ ಗದ್ದೆಗಳಿಂದ, ಕುರುಗೋಡಿನ ಕಲ್ಲುಗುಡ್ಡಗಳ ಬುಡದ ಹಳ್ಳಿಗಳಿಂದ, ಗಡಿಯಾಚೆಯ ಆಂಧ್ರದ ಊರುಗಳಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಇಂಥ ಕಾಲೇಜಿನಲ್ಲಿ ಕಲಿತ ತರುಣನು ನಾಳೆ ಯಾವುದೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂಟಿಯಾಗಿ ನಿಲ್ಲಬೇಕಾದೀತು. ನಡುರಾತ್ರಿ ಹಾವು ಕಚ್ಚಿದ ಕೂಲಿಯಾಳನ್ನು ಹೊತ್ತು ತಂದಾಗ ಅವನ ಕೈ ನಡುಗದಂತೆ ಕಾಯುವುದು ಯಾವುದು? ಓದೋ, ಸ್ವಭಾವವೋ, ಅಭ್ಯಾಸವೋ?

ಮನುಷ್ಯನ ಸ್ವಭಾವವನ್ನು ಅಳೆಯಲು ಮನಶ್ಶಾಸ್ತ್ರಜ್ಞರು ಐದು ಗುಣಗಳನ್ನು ಗುರುತಿಸುತ್ತಾರೆ: ಬಹಿರ್ಮುಖತೆ, ಕರ್ತವ್ಯನಿಷ್ಠೆ, ಹೊಸತಿಗೆ ತೆರೆದ ಮನಸ್ಸು, ಸೌಹಾರ್ದ, ಮತ್ತು ಬೇಗ ಕಳವಳಗೊಳ್ಳುವ ಪ್ರವೃತ್ತಿ. ಬೆಲ್ಜಿಯಂ ದೇಶದ ವೈದ್ಯ ವಿದ್ಯಾರ್ಥಿಗಳನ್ನು ವರ್ಷಾನುವರ್ಷ ಅನುಸರಿಸಿ ೨೦೦೯ರಲ್ಲಿ ಪ್ರಕಟವಾದ ಅಧ್ಯಯನವೊಂದು ಕುತೂಹಲದ ಸಂಗತಿಯನ್ನು ಹೇಳಿತು. ಮೊದಲ ವರ್ಷಗಳಲ್ಲಿ ಬಹಿರ್ಮುಖತೆಯಿಂದ ವಿಶೇಷ ಲಾಭವಿಲ್ಲ. ರೋಗಿಗಳ ನಡುವೆ ಕಲಿಯುವ ಕೊನೆಯ ವರ್ಷಗಳಲ್ಲಿ ಅದೇ ಗುಣ ಫಲ ಕೊಡುತ್ತದೆ. ಕರ್ತವ್ಯನಿಷ್ಠೆಯ ಬೆಲೆಯಂತೂ ವರ್ಷ ಕಳೆದಂತೆ ಏರುತ್ತಲೇ ಹೋಗುತ್ತದೆ.

ಕಾರಣವನ್ನು ಅರಿಯಲು ಆಸ್ಪತ್ರೆಯ ವಾರ್ಡನ್ನು ಕಲ್ಪಿಸಿಕೊಂಡರೆ ಸಾಕು. ಒಂದು ಹಾಸಿಗೆಯ ಸುತ್ತ ಹತ್ತಿಪ್ಪತ್ತು ವಿದ್ಯಾರ್ಥಿಗಳು; ಗುರುಗಳು ಪ್ರಶ್ನೆ ಕೇಳುತ್ತಾರೆ; ಮುಂದೆ ನಿಂತವನು ಉತ್ತರಿಸುತ್ತಾನೆ, ರೋಗಿಯ ಹೊಟ್ಟೆಯನ್ನು ಮುಟ್ಟಿ ನೋಡುತ್ತಾನೆ. ಮೂರನೆಯ ಸಾಲಿನ ಸಂಕೋಚದ ಹುಡುಗಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಮರುದಿನವೂ ಅವನೇ ಮುಂದೆ, ಅವಳೇ ಹಿಂದೆ. ವರ್ಷದ ಕೊನೆಗೆ ಒಬ್ಬನ ಕೈ ಪಳಗಿರುತ್ತದೆ, ಇನ್ನೊಬ್ಬಳ ಕೈ ಬರಿದಾಗಿರುತ್ತದೆ. ನಾವೋ ಇದನ್ನು ಸ್ವಭಾವದ ಭೇದವೆಂದು ಕರೆದು ಸುಮ್ಮನಾಗುತ್ತೇವೆ. ವಾಸ್ತವವಾಗಿ ಇದು ಅವಕಾಶದ ಭೇದ. ಸ್ವಭಾವವು ಅದನ್ನು ಹಂಚಿದ ಕೈ, ಅಷ್ಟೆ.

ಆತ್ಮವಿಶ್ವಾಸವು ಎಲ್ಲಕ್ಕಿಂತ ಹೆಚ್ಚಾಗಿ ಸ್ವತಃ ಮಾಡಿ ಗೆದ್ದ ಅನುಭವದಿಂದ ಹುಟ್ಟುತ್ತದೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ೧೯೭೭ರಲ್ಲಿಯೇ ಪ್ರತಿಪಾದಿಸಿದರು. ಹಾವು ಕಚ್ಚಿದವನ ಎರಡು ಮಿಲಿಲೀಟರು ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಗೆ ಹಾಕಿ, ೨೦ ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುವ ಪರೀಕ್ಷೆ ಇದೆ. ದೊಡ್ಡ ಯಂತ್ರವೇನೂ ಬೇಡ. ನಾಲ್ಕು ಸಲ ಮಾಡಿದವನಿಗೆ ಅದು ಸಾಮಾನ್ಯ ಕೆಲಸ. ಓದಿ ಮಾತ್ರ ಬಲ್ಲವನಿಗೆ ಆ ರಾತ್ರಿ ಅದು ಬೆಟ್ಟ. ಹಾವಿನ ಕಡಿತವನ್ನು ಸರಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕವು ೨೦೨೪ರಲ್ಲಿ ವಿಧಿಸಿತು. ವರದಿ ಬರೆಯುವ ಕೈಗೆ ಚಿಕಿತ್ಸೆಯೂ ಪಳಗಿರಬೇಕಷ್ಟೆ.

ಹಾಗೆಂದು ಧೈರ್ಯವನ್ನೇ ಕೌಶಲವೆಂದು ಬಗೆಯಲಾಗದು. ವೈದ್ಯರು ತಮ್ಮನ್ನು ತಾವೇ ಅಳೆದುಕೊಂಡದ್ದನ್ನೂ ಪರರು ಅಳೆದದ್ದನ್ನೂ ಹೋಲಿಸಿದ ೨೦೦೬ರ ಸಮೀಕ್ಷೆಯೊಂದರಲ್ಲಿ, ೨೦ ಹೋಲಿಕೆಗಳ ಪೈಕಿ ೧೩ರಲ್ಲಿ ಎರಡಕ್ಕೂ ಸಂಬಂಧ ಅತ್ಯಲ್ಪ, ಇಲ್ಲವೇ ಇಲ್ಲ, ಅಥವಾ ವಿಪರೀತ ಎಂದು ಕಂಡುಬಂದಿತು. ಅಳುಕುವವನು ಹಿರಿಯರನ್ನು ಕೇಳಿಯಾನು, ರೋಗಿಯನ್ನು ಸಕಾಲದಲ್ಲಿ ದೊಡ್ಡಾಸ್ಪತ್ರೆಗೆ ಕಳುಹಿಸಿಯಾನು. ಅರಿಯದೆ ಅಳುಕದವನು ಅದನ್ನೂ ಮಾಡಲಾರ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆ ನಮ್ಮದು. ಆದರೆ ಬರಿದಾದ ಕೊಡವೂ ತುಳುಕುವುದಿಲ್ಲ. ಒಳಗೇನಿದೆ ಎಂದು ಇಣುಕಿ ನೋಡುವುದೇ ಗುರುವಿನ ಕೆಲಸ.

ಭಾಷೆಯ ಮಾತೂ ಇಲ್ಲಿ ಸೇರುತ್ತದೆ. ಅಖಿಲ ಭಾರತ ಕೋಟಾದಲ್ಲಿ ಬಂದ, ಕನ್ನಡವರಿಯದ ವಿದ್ಯಾರ್ಥಿ ತನ್ನ ಊರಿನಲ್ಲಿ ವಾಚಾಳಿಯಾಗಿದ್ದರೂ ಸಿರುಗುಪ್ಪದ ಮುದುಕಿಯ ಮುಂದೆ ಮೂಕನಾಗುತ್ತಾನೆ. ಇತ್ತ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹಳ್ಳಿಯ ಹುಡುಗ ರೋಗಿಯೊಡನೆ ಸಲೀಸಾಗಿ ಮಾತಾಡಿದರೂ, ಅದನ್ನು ಇಂಗ್ಲಿಷಿನಲ್ಲಿ ಗುರುಗಳಿಗೆ ನಿರೂಪಿಸುವಾಗ ತಡವರಿಸುತ್ತಾನೆ. ಇಬ್ಬರಲ್ಲಿಯೂ ಕುಗ್ಗಿದ್ದು ಸ್ವಭಾವವಲ್ಲ, ನಾಲಗೆ.

೨೦೧೯ರ ತಂಡದಿಂದ ದೇಶದಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ಇದಕ್ಕೆ ಕೆಲವು ಪರಿಹಾರಗಳನ್ನು ಸೂಚಿಸಿದೆ: ಆರಂಭದಲ್ಲಿ ಸ್ಥಳೀಯ ಭಾಷೆಯ ಪಾಠ, ಬೊಂಬೆಗಳ ಮೇಲೆ ಅಭ್ಯಾಸಕ್ಕೆ ಕೌಶಲ ಪ್ರಯೋಗಾಲಯ, ಮಾಡಿದ್ದನ್ನು ದಾಖಲಿಸುವ ಲಾಗ್ ಪುಸ್ತಕ. ಡಂಡಿಯ ರೊನಾಲ್ಡ್ ಹಾರ್ಡನ್ ೧೯೭೫ರಲ್ಲಿ ಪ್ರಚುರಪಡಿಸಿದ ಘಟ್ಟಗಳ ಪರೀಕ್ಷೆಯಲ್ಲಿಯೂ ಪ್ರತಿಯೊಬ್ಬನೂ ಪ್ರತಿ ಘಟ್ಟದಲ್ಲಿ ತಾನೇ ಕೈಯಾಡಿಸಬೇಕು. ಹಿಂದಿನ ಸಾಲೆಂಬುದೇ ಅಲ್ಲಿಲ್ಲ. ಆದರೆ ಸಹಿಗಾಗಿಯೇ ತುಂಬಿದ ಲಾಗ್ ಪುಸ್ತಕವು ಯಾರ ಕೈಯನ್ನೂ ಪಳಗಿಸದು.

ಸ್ವಭಾವವನ್ನು ತಿದ್ದುವುದು ಕಾಲೇಜಿನ ಕೆಲಸವಲ್ಲ. ಸರದಿಯನ್ನು ತಿದ್ದುವುದು ಅದರ ಕೈಯಲ್ಲಿದೆ. ಇಂದು ಯಾರು ರೋಗಿಯನ್ನು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂದು ಗುರುಗಳು ಹೆಸರು ಹಿಡಿದು ಲೆಕ್ಕವಿಟ್ಟರೆ, ಮೂರನೆಯ ಸಾಲಿನವಳಿಗೂ ತನ್ನ ಸರದಿ ಬಂದೀತು. ಆಸ್ಪತ್ರೆಯ ಬಾಗಿಲಿಗೆ ಬಂದ ರೋಗಿಗೆ ವೈದ್ಯರನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಆ ರಾತ್ರಿ ಕರ್ತವ್ಯದಲ್ಲಿರುವುದು ಅವಳೇ ಆಗಿರಬಹುದು.