ಬಡಗಿಯನ್ನು ಬಿಟ್ಟು ಕಾಡನ್ನು ಉಳಿಸಲಾಗದು

ಕಳೆದ ಬೇಸಿಗೆಯಲ್ಲಿ ನನ್ನ ಭಾವನವರ ಜೊತೆ ಬೆಂಗಳೂರಿನ ಮಾಮೂಲ್‌ಪೇಟೆಗೆ ಹೋಗಿದ್ದೆ. ಅವರು ಊರಿನಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಗೃಹಪ್ರವೇಶಕ್ಕೆ ಬೇಕಾದ ಸಾಮಾನುಗಳನ್ನು ಸಗಟು ಬೆಲೆಗೆ ಕೊಳ್ಳುವುದು ಅವರ ಉದ್ದೇಶ. ಆ ಇಕ್ಕಟ್ಟಿನ ಬೀದಿಯಲ್ಲಿ ಕೈಗಾಡಿಗಳಿಗೆ ದಾರಿ ಬಿಡುತ್ತಾ ಅವರ ಪಟ್ಟಿಯನ್ನು ನೋಡಿದೆ. ಕೊನೆಯಲ್ಲಿ ಹೀಗಿತ್ತು: ಪಿವಿಸಿ ಬಾಗಿಲು ನಾಲ್ಕು, ಸಿದ್ಧ ಕಪಾಟು ಮೂರು, ಕಿಟಕಿಗಳೆಲ್ಲ ಅಲ್ಯುಮಿನಿಯಂ.

"ಊರಿನ ಆಚಾರ್ರಿಗೆ ಏನೂ ಕೆಲಸವಿಲ್ಲವೇ ಭಾವ?" ಎಂದು ಕೇಳಿದೆ.

"ಹೊಸ್ತಿಲು, ಎದುರು ಬಾಗಿಲು ಅವರದ್ದೇ. ಪೂಜೆ ಆಗಬೇಕಲ್ಲ! ಉಳಿದದ್ದಕ್ಕೆ ಮರ ಯಾಕೆ ಕಡಿಸಬೇಕು? ಮರ ಉಳಿಸಿ ಅಂತ ನಿಮ್ಮ ಪತ್ರಿಕೆಯೇ ಬರೆಯುತ್ತದಲ್ಲ ಮಾರಾಯ" ಎಂದರು.

ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಉತ್ತರವೆಂದು ತಿಳಿಯಿರಿ.

ಅಂದು ಮಧ್ಯಾಹ್ನ ಮಾರುಕಟ್ಟೆ ದಾಟಿ ಚಾಮರಾಜಪೇಟೆಯ ಕಡೆಗೆ ನಡೆದೆವು. ಒಂದು ಅಡ್ಡರಸ್ತೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ನಂತರ ಪೇಟೆಯ ಜನ ಗಾಳಿ ಬೆಳಕು ಅರಸಿ ಹೋದ ಬಸವನಗುಡಿ ಮತ್ತು ಮಲ್ಲೇಶ್ವರ, ಈ ಬಡಾವಣೆಗಳ ಹಳೆಯ ಮನೆಗಳನ್ನು ನೋಡಿದವರಿಗೆ ಗೊತ್ತು: ಜಗುಲಿಯ ಕಂಬ, ಕಿಟಕಿಯ ನೆತ್ತಿಯ ಮೇಲೆ ಪಟ್ಟಿಗಳನ್ನು ಜಾಲರಿಯಾಗಿ ಹೆಣೆದು ಮಾಡಿದ, 'ಮಂಕಿ ಟಾಪ್' ಎಂದು ಕರೆಸಿಕೊಳ್ಳುವ ಮರದ ಚೂಪು ಮಾಡ, ಕೈಗೆ ತಣ್ಣಗೆ ತಾಗುವ ತೇಗದ ಕದ. ನಾವು ನೋಡಿದ ಮನೆಯ ಕಿಟಕಿಗಳನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಒಂದರ ಚೌಕಟ್ಟಿನ ಮೂಲೆಯನ್ನು ಪರೀಕ್ಷಿಸಿದೆ. ಕಬ್ಬಿಣದ ಮೊಳೆಯಿಲ್ಲ. ಒಂದರ ತುದಿಯ ನಾಲಗೆಯನ್ನು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಹೊಡೆದಿದ್ದರು. ಎಷ್ಟೋ ದಶಕಗಳ ಮೇಲೂ ಮೂಲೆ ಕದಲಿರಲಿಲ್ಲ.

ಆ ಮರ ಎಲ್ಲಿಯದು? ನಮ್ಮದೋ ಇನ್ನಾವುದೋ ಮಲೆಯದೇ ಆಗಿರಬೇಕು. ಒಮ್ಮೆ ಕಡಿದದ್ದು ಮೂರು ತಲೆಮಾರಿಗೆ ಬಾಗಿಲಾಗಿ ನಿಂತಿತು. ಅದನ್ನು ಕಿತ್ತು ಎಸೆದ ಜಾಗದಲ್ಲಿ ಈಗ ಏನು ಬರುತ್ತದೆ? ಹತ್ತು ಹನ್ನೆರಡು ವರ್ಷ ಬಾಳುವ ಪುಡಿಹಲಗೆ, ಅದರ ಮೇಲೆ ಮರದ ಚಿತ್ರ ಅಚ್ಚು ಹಾಕಿದ ಹಾಳೆ.

ನಮ್ಮ ಬಳಗದಲ್ಲಿಯೇ "ನನ್ನ ಮನೆಗೆ ಒಂದು ಕಡ್ಡಿ ಮರವನ್ನೂ ಬಳಸಿಲ್ಲ" ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಅವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ, ಲೆಕ್ಕದ ಬಗ್ಗೆ ಇದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಬಾಗಿಲು ಬಾಳುವಷ್ಟು ಕಾಲ ಅದು ಗಾಳಿಗೆ ಸೇರದೆ ಬಾಗಿಲಲ್ಲೇ ಇರುತ್ತದೆ. ಅಲ್ಯುಮಿನಿಯಂ ಎಂದರೆ ಬಾಕ್ಸೈಟ್ ಗಣಿ, ಅಪಾರ ವಿದ್ಯುತ್ತು. ಆ ವಿದ್ಯುತ್ತು ಎಲ್ಲಿಂದ ಬರುತ್ತದೆಂದು ಶರಾವತಿ, ಕಾಳಿ ಕಣಿವೆಗಳಲ್ಲಿ ಮುಳುಗಿದ ಊರುಗಳವರಿಗೆ ನಾನು ವಿವರಿಸಬೇಕಾಗಿಲ್ಲ. ಪಿವಿಸಿ ಬಾಗಿಲು ಹಾಳಾದ ದಿನ ಅದನ್ನು ಹಿತ್ತಿಲಲ್ಲಿ ಸುಟ್ಟರೆ ಆಮ್ಲದ ಹೊಗೆ, ಡಯಾಕ್ಸಿನ್ ವಿಷ, ಹೂತರೆ ಕರಗದು.

ಇನ್ನು ಪ್ಲೈವುಡ್ಡು, ಪುಡಿಹಲಗೆಗಳೇನು ಕಲ್ಲಿನಿಂದ ಆದವೇ? ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಕೊಟ್ಟ ಆದೇಶದಿಂದ ಅರಣ್ಯದ ಕಡಿತಕ್ಕೆ ಕಡಿವಾಣ ಬಿತ್ತು. ಅದು ಆಗಬೇಕಾದದ್ದೇ. ಆದರೆ ಮರದ ಹಸಿವು ಇಂಗಲಿಲ್ಲ, ಹಡಗು ಹತ್ತಿ ಬೇರೆ ದೇಶದ ಬೆಟ್ಟಗಳಿಗೆ ಹೋಯಿತು. ಬರ್ಮಾ ತೇಗದ ಬಾಗಿಲು ನಗರದಲ್ಲಿ ಪ್ರತಿಷ್ಠೆಯಾಯಿತು. ಮ್ಯಾನ್ಮಾರ್ ತನ್ನ ಕಾಡು ಬರಿದಾಗುವುದನ್ನು ಕಂಡು 2014ರಲ್ಲಿ ದಿಮ್ಮಿಗಳ ರಫ್ತನ್ನೇ ನಿಲ್ಲಿಸಬೇಕಾಯಿತು. ನಮ್ಮ ಹಿತ್ತಿಲಿನ ಹಲಸು ಉಳಿಯಿತೆಂದು ನಾವು ಸಂಭ್ರಮಿಸುವಾಗ ಇನ್ನಾರದೋ ಮಲೆನಾಡು ಬೋಳಾಗುತ್ತಿರುತ್ತದೆ. 1983ರಲ್ಲಿ ಸಲ್ಕಣಿಯ ಜನ ಮರವನ್ನು ಅಪ್ಪಿಕೊಂಡದ್ದು ಗುತ್ತಿಗೆದಾರನ ಕೊಡಲಿಗೆ ಎದುರಾಗಿ; ಊರ ಆಚಾರಿಯ ಉಳಿಗೆ ಎದುರಾಗಿ ಅಲ್ಲ.

ನಾನೂ ತಪ್ಪಿತಸ್ಥನೇ. ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನ ಮಳಿಗೆಯೊಂದರಿಂದ ಪುಸ್ತಕದ ಕಪಾಟು ತರಿಸಿದೆ. ಎರಡನೆಯ ಮಳೆಗಾಲಕ್ಕೆ ತಳದ ಹಲಗೆ ಅವಲಕ್ಕಿಯಂತೆ ಉಬ್ಬಿತು, ತಿರುಪುಗಳು ಕಳಚಿದವು. ನಮ್ಮೂರಿನ ಆಚಾರ್ರು ಬಂದು ನೋಡಿ, "ಇದಕ್ಕೆ ಉಳಿ ಹಾಕುವ ಹಾಗಿಲ್ಲ ಸಾರ್, ಒಲೆಗೂ ಹಾಕಬೇಡಿ, ಅಂಟಿನ ಹೊಗೆ" ಎಂದರು. ಓದಿದ್ದು ನಾನು, ತಿಳಿದಿದ್ದು ಅವರಿಗೆ. ಆ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಶಾಖ ಮತ್ತು ತೇವ ಹೆಚ್ಚಿದಷ್ಟೂ ಅದು ಹೆಚ್ಚಾಗಿ ಹೊರಬರುತ್ತದೆ. ನಮ್ಮ ಮಳೆಗಾಲಕ್ಕಿಂತ ತೇವ ಇನ್ನೆಲ್ಲಿದೆ?

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನಿಸಬೇಕು. ಮರ ಸತ್ತ ಮೇಲೂ ಗಾಳಿಯಿಂದ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 65ರಷ್ಟಿದ್ದರೆ ಮರದ ತೇವಾಂಶ ಶೇ. 12ರ ಆಸುಪಾಸಿನಲ್ಲಿ ನಿಲ್ಲುತ್ತದೆ, ಆರ್ದ್ರತೆ ಶೇ. 90 ಆದರೆ ಶೇ. 20ರ ಹತ್ತಿರಕ್ಕೆ ಏರುತ್ತದೆ. ಉದ್ದಕ್ಕೆ ಮರ ಅಷ್ಟಾಗಿ ಬೆಳೆಯದು, ಅಗಲಕ್ಕೆ ಹಿಗ್ಗುತ್ತದೆ. ಹಾಗಾಗಿಯೇ ಹಿಂದಿನವರು ಚೌಕಟ್ಟಿನ ಒಳಬದಿಗೆ ಗಾಡಿ ತೋಡಿ, ಹಲಗೆಯನ್ನು ಅಂಟು ಹಾಕದೆ ಅದರೊಳಗೆ ಸಡಿಲವಾಗಿ ಕೂರಿಸುತ್ತಿದ್ದರು. ಆಷಾಢದಲ್ಲಿ ಹಲಗೆ ಹಿಗ್ಗಲಿ, ಚೈತ್ರದಲ್ಲಿ ಕುಗ್ಗಲಿ, ಬಾಗಿಲು ಸೀಳದು. ಎಷ್ಟು ಸಡಿಲ ಬಿಡಬೇಕೆಂಬುದು ಬಯಲಿಗೂ ಮಲೆಗೂ ಒಂದೇ ಅಲ್ಲ. ಅದು ಇಲ್ಲಿನ ಮಳೆಯಲ್ಲಿ ನೆನೆದವನಿಗೆ ಮಾತ್ರ ಗೊತ್ತಿರುವ ಅಳತೆ.

"ಆಚಾರ್ರನ್ನು ನಂಬುವುದು ಹೇಗೆ? ಮುಂಗಡ ತೆಗೆದುಕೊಂಡು ನಾಲ್ಕು ದಿನ ಬರುತ್ತಾರೆ, ಐದನೆಯ ದಿನ ಮಾಯ" ಎಂಬುದು ಮನೆ ಕಟ್ಟಿಸಿದ ಎಲ್ಲರ ದೂರು. ಸುಳ್ಳೇನಲ್ಲ. ಆದರೆ ಹೀಗಾದದ್ದು ಏಕೆ? ಬಡಗಿ ಒಂದು ಕಾಲಕ್ಕೆ ಊರಿನ ಆಯಗಾರರಲ್ಲಿ ಒಬ್ಬ. ನೇಗಿಲು, ನೊಗ, ಗಾಡಿಯ ಚಕ್ರ ಮಾಡಿಕೊಟ್ಟು ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದ. ಜಾತಿಯ ಸಂಕೋಲೆಯೂ ಆಗಿದ್ದ ಆ ವ್ಯವಸ್ಥೆ ಮರಳಿ ಬರಲಿ ಎನ್ನಲಾರೆ. ಆದರೆ ಪವರ್ ಟಿಲ್ಲರ್ ಗದ್ದೆಗಿಳಿದಾಗ ನೇಗಿಲು ಮಾಡುವವನ ಗತಿ ಏನೆಂದು ನಾವು ಕೃಷಿ ವಿಜ್ಞಾನಿಗಳಾರೂ ಕೇಳಲಿಲ್ಲ. ಅವನಿಗೆ ಉಳಿದದ್ದು ಮನೆಗೆಲಸ. ಅದರಲ್ಲೂ ಹೊಸ್ತಿಲು ಮಾತ್ರ ಕೊಟ್ಟು ಉಳಿದದ್ದನ್ನು ನಾವು ಪೇಟೆಯಿಂದ ತಂದೆವು. ನಾಲ್ಕೇ ದಿನದ ಕೆಲಸ ಕೊಟ್ಟವನ ಮನೆಯಲ್ಲಿ ಐದನೆಯ ದಿನ ಅವನೇಕೆ ಇರಬೇಕು?

ಅವನ ಮಗ ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಮಾಡ್ಯುಲರ್ ಅಡುಗೆಮನೆಗಳಿಗೆ ಹಾಳೆ ಅಂಟಿಸುತ್ತಿದ್ದಾನೆ. ಜೊತೆಗಾರರು ರಾಜಸ್ಥಾನದವರು, ಉತ್ತರ ಪ್ರದೇಶದವರು. ಅವರೂ ತಮ್ಮ ಊರಿನಲ್ಲಿ ಕೆಲಸವಿಲ್ಲದೆ ಬಂದವರು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿಗೆ ನೆರವಿದೆ. ಬಡಗಿಗೂ ಉಪಕರಣಕ್ಕೆಂದು 15,000 ರೂಪಾಯಿ. ಒಳ್ಳೆಯದೇ. ಆದರೆ ಕತ್ತರಿಸಲು ಹಲಗೆಯಿಲ್ಲದೆ, ಕರೆಯುವ ಮನೆಯಿಲ್ಲದೆ ಹೊಸ ಗರಗಸ ಏನು ಮಾಡೀತು?

ನನ್ನ ಕುಲಬಾಂಧವರಾದ ವಿಜ್ಞಾನಿಗಳಿಗೂ ಒಂದು ಮಾತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ್ದು. ಯಾವ ಮರ ಎಷ್ಟು ಗಟ್ಟಿ, ಹೇಗೆ ಒಣಗಿಸಬೇಕು ಎಂಬ ತಿಳಿವಳಿಕೆಯ ಭಂಡಾರ ಅಲ್ಲಿದೆ. ಅದರಲ್ಲಿ ಎಷ್ಟು ನಮ್ಮ ಆಚಾರ್ರ ಕೊಟ್ಟಿಗೆಗೆ ತಲುಪಿದೆ? ನಾವು ರೈತರಿಗೆ ಹೆಬ್ಬೇವು ನೆಡಿ, ಸಿಲ್ವರ್ ಓಕ್ ನೆಡಿ ಎಂದು ತರಬೇತಿ ಕೊಡುತ್ತೇವೆ. ಕೊಳ್ಳುವವರು ಯಾರೆಂದರೆ ಪ್ಲೈವುಡ್ ಕಾರ್ಖಾನೆಯ ಕಡೆ ಕೈ ತೋರಿಸುತ್ತೇವೆ. ಕೃಷಿ ಅರಣ್ಯದ ಯಾವ ಪಾಠದಲ್ಲಿಯೂ ಪಕ್ಕದ ಮನೆಯ ಬಡಗಿಯನ್ನು ಗಿರಾಕಿಯೆಂದು ಬರೆದದ್ದನ್ನು ನಾನು ಕಂಡಿಲ್ಲ. ನಾನು ಬರೆದ ಪಾಠಗಳೂ ಇದಕ್ಕೆ ಹೊರತಲ್ಲ.

ಹಾಗಾದರೆ ಬೀಟೆ, ಹೊನ್ನೆ ಕಡಿಯಿರಿ ಎನ್ನುತ್ತೇನೆಯೇ? ಖಂಡಿತ ಇಲ್ಲ. ಬೀಟೆಯ ಕುಲವನ್ನೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ 2017ರಲ್ಲಿ ಒಳಪಡಿಸಿದ್ದಾರೆ, ಅಷ್ಟು ವಿರಳವಾಗಿದೆ ಅದು. ನಾನು ಹೇಳುತ್ತಿರುವುದು ಗಾಳಿಗೆ ಬಿದ್ದ ಹಲಸಿನ ಬಗ್ಗೆ, ಕಾಫಿ ತೋಟದ ಸಿಲ್ವರ್ ಓಕಿನ ಬಗ್ಗೆ, ಕೆಡವಿದ ಮನೆಯ ಹಳೆಯ ತೊಲೆಯ ಬಗ್ಗೆ. ಸಿಲ್ವರ್ ಓಕ್ ಕಡಿಯಲು 1976ರ ಮರ ಸಂರಕ್ಷಣಾ ಕಾಯಿದೆಯಡಿ ಅನುಮತಿ ಬೇಕಿಲ್ಲ. ಉಳಿದ ಜಾತಿಗಳನ್ನು ಕಡಿಯುವ, ಸಾಗಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಆ ಕಚೇರಿಗಳಲ್ಲಿ ನಡೆಯುವ 'ಮಾಮೂಲು' ಬೇರೆಯೇ ಪೇಟೆ, ಅದರ ಬಗ್ಗೆ ಇನ್ನೊಮ್ಮೆ ಬರೆಯುವೆ.

ಮನೆ ಕಟ್ಟುವವರು ತಳಪಾಯಕ್ಕೆ ಮೊದಲೇ ಆಚಾರ್ರ ಮನೆಗೆ ಹೋಗಬೇಕು. ಅಂಗುಲ ದಪ್ಪದ ಹಲಗೆ ಒಣಗಲು ಸುಮಾರು ಒಂದು ವರ್ಷ ಎಂಬುದು ಹಳೆಯ ಲೆಕ್ಕ. ನೆರಳಿನಲ್ಲಿ, ನಡುವೆ ರೀಪು ಕೊಟ್ಟು ಅಟ್ಟಿ ಒಟ್ಟಬೇಕು. ಮೃದು ಮರವಾದರೆ ಹಸಿಯಿರುವಾಗಲೇ ಬೋರಿಕ್ ಆಮ್ಲ ಮತ್ತು ಬೋರಾಕ್ಸಿನ ದ್ರಾವಣದಲ್ಲಿ ನೆನೆಸಿದರೆ ಕುಟ್ಟೆ ಹುಳು, ಗೆದ್ದಲು ಹತ್ತಿರ ಸುಳಿಯುವುದು ಕಡಿಮೆ. ಮಳೆ ತಾಗುವ ಕಡೆ ಮಾತ್ರ ಅದು ತೊಳೆದುಹೋಗುತ್ತದೆ. ಮನೆಯ ಎಲ್ಲ ಕೆಲಸವನ್ನೂ ಒಬ್ಬರಿಗೇ ಕೊಡಿ. ಮುಂಗಡ ಕಡಿಮೆಯಿರಲಿ, ವಾರದ ಕೂಲಿ ವಾರಕ್ಕೆ ತಪ್ಪದಿರಲಿ. ಅಳತೆಯನ್ನೂ ದರವನ್ನೂ ಒಂದು ಕಾಗದದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಅರ್ಧ ಕೆಲಸದಲ್ಲಿ ಫೋನಿನಲ್ಲಿ ಚಿತ್ರ ತೋರಿಸಿ "ಹೀಗೆ ಮಾಡಿ" ಎನ್ನಬೇಡಿ. ಆಚಾರ್ರು ಓಡಿಹೋಗುವುದಕ್ಕೆ ಇದೂ ಒಂದು ಕಾರಣವೆಂದು ಅವರೇ ನನಗೆ ಹೇಳಿದ್ದಾರೆ.

ಚಾಮರಾಜಪೇಟೆಯ ಆ ಕಿಟಕಿಗಳಲ್ಲಿ ಎರಡನ್ನು ಭಾವನವರು ಚೌಕಾಸಿ ಮಾಡಿ ಕೊಂಡರು. ಬಸ್ಸಿನ ಮೇಲೆ ಹೇರಿಕೊಂಡು ಬಂದೆವು. ಮೂರು ಕಪಾಟುಗಳ ಪೈಕಿ ಎರಡನ್ನು ಆಚಾರ್ರಿಗೆ ಒಪ್ಪಿಸಿದ್ದಾರೆ. ಪಿವಿಸಿ ಬಾಗಿಲುಗಳ ವಿಷಯದಲ್ಲಿ ಅಕ್ಕ ಇನ್ನೂ ಬಗ್ಗಿಲ್ಲ. ಆಚಾರ್ರು ಕಿಟಕಿಗಳನ್ನು ತಟ್ಟಿ ನೋಡಿ ಅಟ್ಟದ ಮೇಲೆ ಇಡಿಸಿದರು. ಬಯಲಿನಲ್ಲಿ ಇಷ್ಟು ವರ್ಷ ಒಣಗಿದ ಮರ, ಇಲ್ಲಿಯ ಒಂದು ಮಳೆಗಾಲ ಕುಡಿಯಲಿ, ಆಮೇಲೆ ಅಳತೆ ತೆಗೆಯುತ್ತೇನೆ ಎಂದಿದ್ದಾರೆ.