ವಿಮಾನಗಳ ಲೆಕ್ಕ, ಮನುಷ್ಯರ ಲೆಕ್ಕ

ಯುದ್ಧಕಾಲದಲ್ಲಿ ಆಕಾಶದ ಕಾಳಗದ ವಾರ್ತೆ ನಮ್ಮನ್ನು ತಲುಪುವುದು ವಿಮಾನಗಳ ಎಣಿಕೆಯ ರೂಪದಲ್ಲಿ. ಶತ್ರುಗಳವು ಇಷ್ಟು ಉರುಳಿದವು, ನಮ್ಮವು ಇಷ್ಟು ಮರಳಲಿಲ್ಲ ಎಂದು ಓದಿ ಪತ್ರಿಕೆಯನ್ನು ಮಡಿಸಿಡುತ್ತೇವೆ. ಮರಳದ ವಿಮಾನದಲ್ಲಿ ಎಷ್ಟು ಮಂದಿ ಇದ್ದರು, ಅವರ ವಯಸ್ಸೆಷ್ಟು ಎಂದು ಕೇಳುವವರು ವಿರಳ. ಚರಿತ್ರೆಯನ್ನು ಬೋಧಿಸುವವರು ಈ ಎರಡನೆಯ ಲೆಕ್ಕವನ್ನೂ ಮಕ್ಕಳಿಗೆ ಹೇಳಿಕೊಡಬೇಕೆಂಬುದು ನನ್ನ ಅಭಿಮತ.

ಮೊದಲನೆಯ ಮಹಾಯುದ್ಧದಲ್ಲಿ ಕಲಕತ್ತೆಯ ಇಂದ್ರಲಾಲ್ ರಾಯ್ ಎಂಬ ತರುಣನು 1918ರ ಜುಲೈ ತಿಂಗಳ ಎರಡು ವಾರಗಳೊಳಗೆ 10 ವೈಮಾನಿಕ ವಿಜಯಗಳನ್ನು ಗಳಿಸಿದನು. ಅದೇ ತಿಂಗಳ 22ರಂದು ಫ್ರಾನ್ಸಿನ ಆಕಾಶದಲ್ಲಿ ಮಡಿದಾಗ ಅವನಿಗೆ 19 ವರ್ಷ. ಆ ಯುದ್ಧದಲ್ಲಿ ಬೆಲೂನಿನಲ್ಲಿ ಕುಳಿತ ಬ್ರಿಟಿಷ್ ವೀಕ್ಷಕರಿಗೆ ಪ್ಯಾರಾಚೂಟ್ ಇತ್ತು. ವಿಮಾನ ಚಾಲಕರಿಗೆ ಇರಲಿಲ್ಲ. ವಿಮಾನಕ್ಕೆ ಬೆಂಕಿ ತಗುಲಿದರೆ ಅವರಿಗೆ ಪಾರಾಗುವ ದಾರಿಯೇ ಇರಲಿಲ್ಲವೆನ್ನಬಹುದು.

1940ರ ಬ್ರಿಟನ್ ಕದನದಲ್ಲಿ ಹೋರಾಡಿದ ಸುಮಾರು 3,000 ಬ್ರಿಟಿಷ್ ಪಕ್ಷದ ವೈಮಾನಿಕರ ಪೈಕಿ 544 ಮಂದಿ ಸತ್ತರು. ಅವರ ಕೀರ್ತಿ ಜಗತ್ತಿಗೆಲ್ಲ ತಿಳಿದಿದೆ. ಅದೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ದಳದಲ್ಲಿ ಹಾರಿದ ಸುಮಾರು 1,25,000 ಮಂದಿಯಲ್ಲಿ 55,573 ಮಂದಿ ಮರಳಿ ಮನೆ ಸೇರಲಿಲ್ಲ. ಅಂದರೆ ನೂರಕ್ಕೆ 44. ಅವರೆಲ್ಲರೂ ಸ್ವಯಂಸೇವಕರು, ಬಹುಪಾಲು ಇಪ್ಪತ್ತರ ಆಸುಪಾಸಿನವರು. ಒಂದು ಲಂಕಾಸ್ಟರ್ ವಿಮಾನ ಬಿದ್ದಿತೆಂದರೆ 7 ಮನೆಗಳಿಗೆ ತಂತಿ ಹೋಗುತ್ತಿತ್ತು. ಅವರಿಗಾಗಿ ಲಂಡನ್ನಿನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ.

ಈ ವಿಳಂಬಕ್ಕೆ ಕಾರಣವಿಲ್ಲದಿಲ್ಲ. ಅವರು ಎಸೆದ ಬಾಂಬುಗಳ ಕೆಳಗೆ ಊರುಗಳಿದ್ದವು. 1943ರ ಜುಲೈ ಕೊನೆಯಲ್ಲಿ ಹ್ಯಾಂಬರ್ಗ್ ನಗರದಲ್ಲಿ ಎದ್ದ ಅಗ್ನಿಪ್ರಳಯಕ್ಕೆ 30,000ಕ್ಕೂ ಹೆಚ್ಚು ಜನ ಆಹುತಿಯಾದರು. ಮೇಲಿನವರಿಗಾಗಿ ಮರುಗುವವನು ಕೆಳಗಿನವರನ್ನು ಮರೆಯುವಂತಿಲ್ಲ.

ನಮ್ಮ ನಾಡಿನ ಉದಾಹರಣೆಯೂ ಉಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದವರು ಹಿಂತಿರುಗಲಿಲ್ಲ. ಹಳೆಯ ಮಿಸ್ಟೇರ್ ವಿಮಾನದಲ್ಲಿದ್ದ ಅವರು ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ಒಂದನ್ನು ಉರುಳಿಸಿ ಮಡಿದಿದ್ದರು. ಎದುರಾಳಿ ಪ್ಯಾರಾಚೂಟಿನಿಂದ ಇಳಿದು ಬದುಕಿದನು. ದೇವಯ್ಯನವರನ್ನು ಅಲ್ಲಿಯ ಹಳ್ಳಿಗರು ಹೊಲದಲ್ಲಿ ಮಣ್ಣು ಮಾಡಿದರು. ಈ ಸಂಗತಿ ಹೊರಬಿದ್ದದ್ದು ಹಲವು ವರ್ಷಗಳ ಬಳಿಕ, ವಿದೇಶೀ ಲೇಖಕರೊಬ್ಬರ ಗ್ರಂಥದಿಂದ. ಅವರ ಪತ್ನಿ ಮಹಾವೀರ ಚಕ್ರವನ್ನು ಸ್ವೀಕರಿಸಿದ್ದು 1988ರಲ್ಲಿ. ನಡುವಣ 23 ವರ್ಷಗಳನ್ನು ಆ ಮನೆಯವರು ಹೇಗೆ ಕಳೆದರೆಂಬುದು ಯಾವ ಯುದ್ಧವರದಿಯಲ್ಲಿಯೂ ಸಿಗುವುದಿಲ್ಲ.

ಶೌರ್ಯವನ್ನು ಕೀಳ್ಗಳೆಯುವ ಉದ್ದೇಶ ನನ್ನದಲ್ಲ. ದೇಶಕ್ಕೆ ರಕ್ಷಕರು ಬೇಕು; ಈ ಶಾಲೆಯ ಮಕ್ಕಳೂ ನಾಳೆ ವಾಯುಸೇನೆಯನ್ನು ಸೇರಿಯಾರು. ಆದರೆ ಬೆಲೆಯನ್ನು ಅರಿಯದವನ ಮೆಚ್ಚುಗೆಗೆ ತೂಕವಿಲ್ಲ. ಇಂದ್ರಲಾಲನು ಹತ್ತು ಬಾರಿ ಗೆದ್ದನೆಂದು ಕಲಿಯುವ ಮಗು, ಅವನು ಹತ್ತೊಂಬತ್ತಕ್ಕೇ ತೀರಿಕೊಂಡನೆಂಬುದನ್ನೂ ಅದೇ ಪಾಠದಲ್ಲಿ ಕಲಿಯಲಿ.